ರಾಜಭೋಜನ ಇರುವುದು ಕೋಟೆಯೊಳಗಲ್ಲ

ಅಮೆರಿಕದಲ್ಲಿ ನೆಲೆಸಿದ ಮಗನ ಮನೆಗೋ ಮಗಳ ಮನೆಗೋ ಹೋಗುವ ಅಪ್ಪ-ಅಮ್ಮಂದಿರ ಪ್ರವಾಸದ ಪಟ್ಟಿಯಲ್ಲಿ ನಯಾಗರಾ ಜಲಪಾತದ ಜೊತೆಗೆ ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಕೂಡ ಇರುತ್ತದೆ. ಹೋಗುವುದು ಮೊಮ್ಮಕ್ಕಳ ಸಲುವಾಗಿ. ವಿಮಾನ, ಹೋಟೆಲು, ಪಾರ್ಕಿನ ಟಿಕೆಟ್ ಎಲ್ಲದರ ಲೆಕ್ಕ ಮುಗಿದ ಮೇಲೆ ಮನೆಯಲ್ಲಿ ಯಾರಾದರೂ ಒಬ್ಬರು ಹೇಳುತ್ತಾರೆ: "ಇಷ್ಟು ದೂರ ಬಂದಿದ್ದೇವೆ, ಒಂದು ಹೊತ್ತಾದರೂ ಒಳ್ಳೆಯ ಕಡೆ ನೆಮ್ಮದಿಯಾಗಿ ಕೂತು ಊಟ ಮಾಡೋಣ." ಆಸೆ ಸರಿಯಾದದ್ದೇ. ಆದರೆ ಆ ಒಂದು ಹೊತ್ತನ್ನು ಎಲ್ಲಿ ಕಳೆಯಬೇಕು ಎಂದು ಹುಡುಕಲು ಹೊರಟಾಗ ನಾಲ್ಕಾರು ತಪ್ಪು ತಿಳಿವಳಿಕೆಗಳು ಅಡ್ಡ ಬರುತ್ತವೆ. ಅವುಗಳಿಂದಾಗಿ ದುಡ್ಡು ಕೈಬಿಡುತ್ತದೆ, ಊಟದ ತೃಪ್ತಿಯೂ ದಕ್ಕುವುದಿಲ್ಲ.

"ಥೀಮ್ ಪಾರ್ಕಿನಲ್ಲಿ ಬರ್ಗರ್, ಪಾಪ್‌ಕಾರ್ನ್ ಬಿಟ್ಟು ಇನ್ನೇನು ಸಿಗುತ್ತದೆ?"

ಇದು ಎಲ್ಲಕ್ಕಿಂತ ಹಳೆಯ ನಂಬಿಕೆ, ಎಲ್ಲಕ್ಕಿಂತ ದೊಡ್ಡ ತಪ್ಪೂ ಹೌದು. ಡಿಸ್ನಿ ವರ್ಲ್ಡ್ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಅದರ ಎರಡನೆಯ ಪಾರ್ಕಾದ ಎಪ್‌ಕಾಟ್ 1982ರಲ್ಲಿ ಶುರುವಾದಾಗ ಅಲ್ಲಿನ ಫ್ರಾನ್ಸ್ ವಿಭಾಗದ ಹೋಟೆಲನ್ನು ಕಟ್ಟಿಕೊಟ್ಟವರು ಪಾಲ್ ಬೊಕ್ಯೂಸ್, ರೋಜೆ ವೆರ್ಜೆ ಮತ್ತು ಗಾಸ್ತೋ ಲನೋತ್ರ್. ಫ್ರೆಂಚ್ ಅಡುಗೆಯ ಲೋಕದಲ್ಲಿ ಇವು ಘರಾಣೆಯ ಉಸ್ತಾದರ ಮಟ್ಟದ ಹೆಸರುಗಳು. ಅಂದರೆ ಈ ಜಾಗದಲ್ಲಿ ಗಂಭೀರ ಅಡುಗೆಗೆ ನಲವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ.

ಆ ಚರಿತ್ರೆಯ ಶಿಖರವೆಂದರೆ ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿನಲ್ಲಿರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್. ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಮತ್ತು ಆಕೆಯ ಪತಿಯ ಹೆಸರಿಟ್ಟುಕೊಂಡು 1988ರಲ್ಲಿ ಆರಂಭವಾದ ಈ ಭೋಜನಶಾಲೆ 2000ದಿಂದ ಅಮೆರಿಕದ ಎಎಎ ಸಂಸ್ಥೆಯ ಐದು ವಜ್ರಗಳ ಮನ್ನಣೆ ಪಡೆಯುತ್ತಾ ಬಂದಿದೆ. 2024ರಲ್ಲಿ ಇದಕ್ಕೆ ಮಿಶೆಲಿನ್ ನಕ್ಷತ್ರವೂ ಸಿಕ್ಕಿತು. ಮಿಶೆಲಿನ್ ಪರಿವೀಕ್ಷಕರು ತಮ್ಮ ಗುರುತು ಹೇಳಿಕೊಳ್ಳುವುದಿಲ್ಲ, ಬಿಲ್ಲನ್ನು ತಾವೇ ಕಟ್ಟುತ್ತಾರೆ. ನಕ್ಷತ್ರ ಕೊಡುವಾಗ ಅವರು ಅಳೆಯುವುದು ತಟ್ಟೆಯಲ್ಲಿರುವ ಅಡುಗೆಯನ್ನು ಮಾತ್ರ. ಗೋಡೆಯ ಅಲಂಕಾರ, ಬೆಳ್ಳಿಯ ಚಮಚ, ಹಾರ್ಪ್ ವಾದನ ಇವೆಲ್ಲ ಅಲ್ಲಿ ಇದ್ದರೂ ಅವು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಈ ನಕ್ಷತ್ರ ಅಲ್ಲಿನ ಬಾಣಸಿಗರಿಗೇ ಸಲ್ಲಬೇಕಾದ್ದು.

ಇಲ್ಲಿಗೆ ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಜೀನ್ಸ್, ಚಡ್ಡಿ, ಚಪ್ಪಲಿಗಳಲ್ಲಿ ಬಂದವರಿಗೂ ಪ್ರವೇಶವಿಲ್ಲ. ಇದನ್ನು ಕೇಳಿ ಕೆಲವರು ಹಿಂಜರಿಯುತ್ತಾರೆ, ಕೋಟು ಹೊಲಿಸಬೇಕೇ ಎಂದು ಕೇಳುತ್ತಾರೆ. ನಮ್ಮ ಹೆಂಗಸರಿಗಂತೂ ಯೋಚನೆಯೇ ಬೇಡ. ಮದುವೆಗೆ ಉಡುವ ಮೈಸೂರು ರೇಷ್ಮೆ ಸೀರೆಗಿಂತ ಆ ಕೋಣೆಗೆ ಒಪ್ಪುವ ಉಡುಪು ಇನ್ನೊಂದಿಲ್ಲ. ಒಂದಾದ ಮೇಲೊಂದು ಸಣ್ಣ ಸಣ್ಣ ತಟ್ಟೆಗಳು ಬರುತ್ತಾ ಊಟ ಗಂಟೆಗಟ್ಟಲೆ ನಡೆಯುತ್ತದೆ. ಮದುವೆಯ ಇಪ್ಪತ್ತೈದನೆಯ ವರ್ಷ ಆಚರಿಸುವ ದಂಪತಿಗೆ ಇದು ಸರಿ. ಮೊಮ್ಮಗನನ್ನು ಬೆಳಗಿನಿಂದ ಬಿಸಿಲಲ್ಲಿ ಸುತ್ತಾಡಿಸಿ ದಣಿದ ದಿನಕ್ಕೆ ಖಂಡಿತ ಸರಿಯಲ್ಲ.

"ಎಲ್ಲಕ್ಕಿಂತ ಶ್ರೇಷ್ಠ ಊಟ ಕೋಟೆಯೊಳಗೆ"

ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಸಿಂಡ್ರೆಲಾ ಕೋಟೆ 189 ಅಡಿ ಎತ್ತರ ನಿಂತಿದೆ. ನೋಡಲು ಕಲ್ಲಿನದರಂತೆ ಕಂಡರೂ ಅದರಲ್ಲಿ ಒಂದು ಇಟ್ಟಿಗೆಯೂ ಇಲ್ಲ, ಎಲ್ಲ ಉಕ್ಕು, ಕಾಂಕ್ರೀಟು, ಫೈಬರ್‌ಗ್ಲಾಸ್. ಒಳಗೆ ಮಹಡಿಯ ಮೇಲೆ ಸಿಂಡ್ರೆಲಾಸ್ ರಾಯಲ್ ಟೇಬಲ್ ಇದೆ. 1997ರವರೆಗೆ ಅದರ ಹೆಸರಿನಲ್ಲಿ ಇದ್ದದ್ದು ರಾಜ ಸ್ಟೆಫನ್. ಆತ ಸಿಂಡ್ರೆಲಾ ಕಥೆಯವನೇ ಅಲ್ಲ, ಡಿಸ್ನಿಯ ಸ್ಲೀಪಿಂಗ್ ಬ್ಯೂಟಿಯ ಅಪ್ಪ! ಕಾಲು ಶತಮಾನದಷ್ಟು ಕಾಲ ಒಬ್ಬಳ ಕೋಟೆಯಲ್ಲಿ ಇನ್ನೊಬ್ಬಳ ತಂದೆಯ ಹೆಸರಿನ ಭೋಜನಶಾಲೆ ನಡೆಯಿತು.

ಇಲ್ಲಿ ನಾವು ಕೊಡುವ ಹಣ ಮುಖ್ಯವಾಗಿ ಹೋಗುವುದು ಕೂರುವ ಜಾಗಕ್ಕೆ ಮತ್ತು ಸಿಂಡ್ರೆಲಾ ವೇಷಧಾರಿಯ ಜೊತೆಗಿನ ಫೋಟೋಗೆ. ಐದು ವರ್ಷದ ಮೊಮ್ಮಗಳಿಗೆ ಆ ಫೋಟೋ ಬದುಕಿಡೀ ನೆನಪಿರಬಹುದು. ಹಾಗಿದ್ದರೆ ಹೋಗಿ, ಅದಕ್ಕೆ ಬೆಲೆಯಿದೆ. ಆದರೆ ಅಡುಗೆಯ ರುಚಿಗಾಗಿ ಅಲ್ಲಿಗೆ ಹೋಗುವುದು ತಪ್ಪು. ದುಬಾರಿ ಊಟ ಬುಕ್ ಮಾಡುವ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ದುಡ್ಡು ಜಾಗಕ್ಕೋ, ನೋಟಕ್ಕೋ, ಅಡುಗೆಗೋ? ಉತ್ತರ ಯಾವುದಾದರೂ ಇರಲಿ, ತಿಳಿದೇ ಕೊಟ್ಟರೆ ಆಮೇಲೆ ಬೇಸರ ಇರುವುದಿಲ್ಲ.

ಎಪ್‌ಕಾಟ್‌ನಲ್ಲಿ 2021ರಲ್ಲಿ ತೆರೆದ ಸ್ಪೇಸ್ 220 ನೋಟಕ್ಕೆ ಕೊಡುವ ದುಡ್ಡಿಗೆ ಒಳ್ಳೆಯ ಉದಾಹರಣೆ. ಭೂಮಿಯಿಂದ 220 ಮೈಲಿ ಮೇಲಕ್ಕೆ ಲಿಫ್ಟಿನಲ್ಲಿ ಹೋದಂತೆ ಅನ್ನಿಸುತ್ತದೆ, ಕಾಲಡಿಯ ಗಾಜಿನಲ್ಲಿ ಫ್ಲೋರಿಡಾ ಸಣ್ಣದಾಗುತ್ತಾ ಹೋಗುತ್ತದೆ. ನಿಜದಲ್ಲಿ ಆ ಲಿಫ್ಟು ಮೇಲಕ್ಕೆ ಹೋಗುವುದೇ ಇಲ್ಲ. ಊಟದುದ್ದಕ್ಕೂ ಕಿಟಕಿಯಲ್ಲಿ ಕಾಣುವ ಭೂಮಿ ಕೂಡ ಪರದೆಯ ಮೇಲಿನದು.

"ಪಾರ್ಕಿನ ಟಿಕೆಟ್ ಇಲ್ಲದೆ, ಅಲ್ಲೇ ತಂಗದೆ ಒಳಗೆ ಊಟ ಸಿಗದು"

ಪಾರ್ಕಿನೊಳಗಿರುವ ಹೋಟೆಲುಗಳಿಗೆ ಟಿಕೆಟ್ ಬೇಕೇ ಬೇಕು. ಆದರೆ ಹೆಸರುವಾಸಿ ಭೋಜನಶಾಲೆಗಳಲ್ಲಿ ಬಹಳಷ್ಟು ಇರುವುದು ಪಾರ್ಕಿನ ಗೇಟಿನ ಹೊರಗೆ, ತಂಗುವ ಹೋಟೆಲುಗಳಲ್ಲಿ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ಗೂ ಟಿಕೆಟ್ ಬೇಡ. ಅಲ್ಲೇ ರೂಮು ಮಾಡಿರಬೇಕೆಂದೂ ಇಲ್ಲ. ಮುಂಚಿತವಾಗಿ ಮೇಜು ಕಾಯ್ದಿರಿಸಿದ್ದರೆ ಸಾಕು.

ಕಂಟೆಂಪರರಿ ಹೋಟೆಲಿನ ಹದಿನೈದನೆಯ ಮಹಡಿಯಲ್ಲಿ 1995ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾ ಗ್ರಿಲ್ ಇದೆ. ಕಟ್ಟಡದ ಹೊಟ್ಟೆಯೊಳಗೇ ಮಾನೋರೈಲು ಹಾದುಹೋಗುತ್ತದೆ. ಮೇಲಿನ ಬಾಲ್ಕನಿಯಿಂದ ನೋಡಿದರೆ ಮ್ಯಾಜಿಕ್ ಕಿಂಗ್‌ಡಮ್ ಕೆಳಗೆ ಹರಡಿಕೊಂಡಿರುತ್ತದೆ. ರಾತ್ರಿ ಬಾಣಬಿರುಸು ಶುರುವಾಗುತ್ತಿದ್ದಂತೆ ಒಳಗಿನ ದೀಪಗಳನ್ನು ತಗ್ಗಿಸಿ, ಪಾರ್ಕಿನಲ್ಲಿ ನುಡಿಯುವ ಸಂಗೀತವನ್ನೇ ಅಲ್ಲೂ ಕೇಳಿಸುತ್ತಾರೆ. ಕೆಳಗೆ ಜನಜಂಗುಳಿಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಿಂತು ನೋಡುವುದನ್ನೇ ಇಲ್ಲಿ ಕುರ್ಚಿಯಲ್ಲಿ ಕೂತು ನೋಡಬಹುದು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಈ ನೋಟಕ್ಕೆ ಕೊಟ್ಟ ಹಣ ಸಾರ್ಥಕ ಎನ್ನುವುದು ನನ್ನ ಖಚಿತ ಅಭಿಪ್ರಾಯ.

"ಡಿಸ್ನಿಯಲ್ಲಿ ಮದ್ಯ ಕೊಡುವುದೇ ಇಲ್ಲ" ಎಂಬ ಮಾತಿಗೆ ಮ್ಯಾಜಿಕ್ ಕಿಂಗ್‌ಡಮ್ ಕಾರಣ. ಅದೊಂದು ಪಾರ್ಕಿನ ಊಟದ ಮೇಜಿಗೆ 2012ರವರೆಗೆ ವೈನ್ ಬರುತ್ತಿರಲಿಲ್ಲ. ಉಳಿದೆಡೆ ಅಂಥ ನಿಷೇಧ ಇರಲಿಲ್ಲ.

"ಸಸ್ಯಾಹಾರಿಗಳಿಗೆ ಅಲ್ಲಿ ಸೊಪ್ಪು ಮತ್ತು ಆಲೂಗಡ್ಡೆಯೇ ಗತಿ"

ಈ ಭಯದಿಂದಲೇ ನಮ್ಮವರಲ್ಲಿ ಎಷ್ಟೋ ಮಂದಿ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತಾರೆ. ಕಟ್ಟಿಕೊಂಡು ಹೋಗುವುದರಲ್ಲಿ ತಪ್ಪಿಲ್ಲ, ಆದರೆ ಭಯಕ್ಕೆ ಕಾರಣವಿಲ್ಲ. ಬುಕ್ ಮಾಡುವಾಗಲೇ ಪಥ್ಯ, ಅಲರ್ಜಿಗಳನ್ನು ನಮೂದಿಸಬಹುದು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ನಲ್ಲಿ ಮೊದಲೇ ತಿಳಿಸಿದರೆ ಸಸ್ಯಾಹಾರದ ತಟ್ಟೆಗಳನ್ನೇ ಬೇರೆಯಾಗಿ ಸಿದ್ಧಪಡಿಸುತ್ತಾರೆ. ಬರೀ "ವೆಜಿಟೇರಿಯನ್" ಎಂದು ಹೇಳಿ ಸುಮ್ಮನಾಗಬೇಡಿ. ಮಾಂಸ ಬೇಯಿಸಿದ ನೀರಿನಲ್ಲಿ ಸೂಪ್ ಮಾಡುವುದು ಅಲ್ಲಿ ಸಾಮಾನ್ಯ. ಮೀನು ಬೇಡ, ಮಾಂಸದ ರಸ ಬೇಡ, ಮೊಟ್ಟೆ ಬೇಡವಾದರೆ ಅದೂ ಬೇಡ ಎಂದು ಬಿಡಿಸಿ ಹೇಳಿ.

ಇನ್ನು ಸನಾ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿಡಾನಿ ವಿಲೇಜ್‌ನಲ್ಲಿ 2009ರಲ್ಲಿ ತೆರೆದ ಈ ಜಾಗದ ಹೆಸರಿಗೆ ಸ್ವಾಹಿಲಿಯಲ್ಲಿ ಕಲೆ ಎಂಬ ಅರ್ಥವಿದೆ. ಆಫ್ರಿಕದ ಅಡುಗೆಗೆ ಭಾರತದ ಮಸಾಲೆ ಬೆರೆಸುವುದು ಇದರ ವಿಶೇಷ. ಈ ಬೆರಕೆ ಯಾರೋ ಕೂತು ಕಲ್ಪಿಸಿದ್ದಲ್ಲ. ಹಿಂದೂ ಮಹಾಸಾಗರದ ವ್ಯಾಪಾರದಿಂದಲೂ ಭಾರತದಿಂದ ಹೋಗಿ ನೆಲೆಸಿದವರಿಂದಲೂ ಪೂರ್ವ ಆಫ್ರಿಕದಲ್ಲಿ ಚಪಾತಿ, ಸಮೋಸಾ ಮನೆಮನೆಯ ತಿನಿಸಾಗಿವೆ. ಸನಾದ ಅಡುಗೆಮನೆಯಲ್ಲಿ ತಂದೂರು ಒಲೆ ಇದೆ. ಅದರ 'ಬ್ರೆಡ್ ಸರ್ವಿಸ್' ಹೆಸರುವಾಸಿ: ನಾನ್‌ನಂಥ ಐದು ಬಗೆಯ ರೊಟ್ಟಿಗಳು, ನಂಚಿಕೊಳ್ಳಲು ಒಂಬತ್ತು ಬಗೆಯ ಚಟ್ನಿ, ರಾಯತ, ಉಪ್ಪಿನಕಾಯಿಗಳು. ದೊಡ್ಡ ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. ಅಡುಗೆಯೂ ನೋಟವೂ ಒಟ್ಟಿಗೆ ಸಿಗುವ ಜಾಗ ಇದು, ಖರ್ಚೂ ಮೇಲೆ ಹೇಳಿದವುಗಳಿಗಿಂತ ಬಹಳ ಕಡಿಮೆ.

"ಮೆನುವಿನಲ್ಲಿರುವ ದರವೇ ಕೊನೆಯ ದರ"

ಅಲ್ಲ. 2022ರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ನಲ್ಲಿ ಊಟದ ಆರಂಭದ ದರ ಒಬ್ಬರಿಗೆ 295 ಡಾಲರ್ ಇತ್ತು. ಇದಕ್ಕೆ ಶೇ. 6.5 ಮಾರಾಟ ತೆರಿಗೆ, ಶೇ. 20ರಷ್ಟು ಟಿಪ್ಸ್ ಸೇರಿಸಿದರೆ ಇಬ್ಬರಿಗೆ ಸುಮಾರು 745 ಡಾಲರ್ ಆಯಿತು, ಅದೂ ವೈನ್ ಮುಟ್ಟದೆ. ಟಿಪ್ಸ್ ಅಲ್ಲಿ ಔದಾರ್ಯದ ಮಾತಲ್ಲ, ಬಡಿಸುವವರ ಸಂಪಾದನೆಯ ದೊಡ್ಡ ಪಾಲು. ಸಾಮಾನ್ಯ ಹೋಟೆಲುಗಳಲ್ಲಿ ಆರು ಅಥವಾ ಹೆಚ್ಚು ಮಂದಿ ಒಟ್ಟಿಗೆ ಕೂತರೆ ಶೇ. 18ನ್ನು ಬಿಲ್ಲಿಗೇ ಸೇರಿಸಿರುತ್ತಾರೆ. ನೋಡಿಕೊಳ್ಳದೆ ಎರಡನೇ ಸಲ ಕೊಡಬೇಡಿ.

ಮೇಜುಗಳ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಮೊದಲ ದಿನ ಸಿಗದಿದ್ದರೆ ಆಸೆ ಬಿಡಬೇಕು ಎನ್ನುವವರಿದ್ದಾರೆ. ಅದೂ ತಪ್ಪು. ಹೆಚ್ಚಿನ ಕಡೆ ರದ್ದು ಮಾಡದೆ ಬಾರದೇ ಇದ್ದರೆ ತಲೆಗೆ 10 ಡಾಲರ್ ದಂಡ ಬೀಳುವುದರಿಂದ, ಯೋಜನೆ ಬದಲಾದವರು ಕೊನೆಯ ದಿನಗಳಲ್ಲಿ ಮೇಜು ಬಿಟ್ಟುಕೊಡುತ್ತಾರೆ. ಆಗ ಮತ್ತೆ ಮತ್ತೆ ನೋಡುತ್ತಿದ್ದರೆ ಸಿಗುತ್ತದೆ.

ಒಂದೇ ಹೊತ್ತಿನ ಊಟಕ್ಕೆ ಹಣ ಎತ್ತಿಟ್ಟಿದ್ದರೆ, ದಂಪತಿ ಇಬ್ಬರೇ ಹೋಗುವಾಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಆರಿಸಿಕೊಳ್ಳಿ. ಮೊಮ್ಮಕ್ಕಳೂ ಇದ್ದರೆ ಸನಾಕ್ಕೆ ಹೋಗಿ. ಅಲ್ಲಿ ಮಾತ್ರ ಮಧ್ಯಾಹ್ನದ ಮೇಜನ್ನೇ ಕಾಯ್ದಿರಿಸಿ, ಕತ್ತಲಾದ ಮೇಲೆ ಜಿರಾಫೆಗಳು ಕಾಣುವುದಿಲ್ಲ.