ಕಿವಿಯ ಟೈಮಿಂಗ್, ಫೋನಿನ ಗೆರೆ

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಓಣಿಗಳಲ್ಲಿ ಹಳೆಯ ಕಾರುಗಳನ್ನು ನೋಡಿಕೊಳ್ಳುವ ಮೇಸ್ತ್ರಿಗಳು ಈಗ ಕಡಿಮೆ. ಇದ್ದವರಲ್ಲಿ ಒಬ್ಬರು ಟೈಮಿಂಗ್ ಲೈಟ್ ಇಟ್ಟುಕೊಂಡೇ ಇಲ್ಲ. ಎಂಜಿನ್ ಚಾಲೂ ಮಾಡಿಸುತ್ತಾರೆ, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಲಾಂಪ್ ಬೋಲ್ಟ್ ಸಡಿಲಿಸುತ್ತಾರೆ, ಎಡಗೈಯಲ್ಲಿ ಅದರ ಮೈ ಹಿಡಿದು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾರೆ. ಆಗ ಅವರ ಕಣ್ಣು ಎಂಜಿನ್ ಮೇಲಿರುವುದಿಲ್ಲ, ಎದುರಿನ ಗೋಡೆಯ ಮೇಲಿರುತ್ತದೆ. ಕೆಲಸವೆಲ್ಲ ಕಿವಿಯದು. ಎಂಜಿನ್ನಿನ ಓಟ ಏರುತ್ತದೆ, ಸಮವಾಗುತ್ತದೆ, ಇನ್ನೂ ತಿರುಗಿಸಿದರೆ ತೊದಲಲು ಶುರುಮಾಡುತ್ತದೆ. ತೊದಲುವ ಮುಂಚಿನ ಜಾಗದಲ್ಲಿ ಕೈ ನಿಲ್ಲುತ್ತದೆ, ಬೋಲ್ಟ್ ಬಿಗಿಯಾಗುತ್ತದೆ.

ಅಷ್ಟಕ್ಕೇ ಮುಗಿಯುವುದಿಲ್ಲ. ಕಾರಿನ ತುಂಬ ಜನ ಕೂರಿಸಿ ಏರಿನ ರಸ್ತೆಗೆ ಒಯ್ಯುತ್ತಾರೆ. ಟಾಪ್ ಗೇರಿನಲ್ಲೇ, ನಿಧಾನದ ಓಟದಲ್ಲೇ ಆಕ್ಸಿಲರೇಟರನ್ನು ಪೂರ್ತಿ ತುಳಿಯುತ್ತಾರೆ. ಎಂಜಿನ್ ಒಳಗಿನಿಂದ ಟಿಣ್ ಟಿಣ್ ಎಂದು ನಾಕಿಂಗ್ ಒಂದು ಕ್ಷಣ ಕೇಳಿಸಿ ಅಳಿದುಹೋಗಬೇಕು. ಕೇಳಿಸದೇ ಹೋದರೆ ಟೈಮಿಂಗ್ ಹಿಂದಿದೆ, ಶಕ್ತಿ ಪೋಲಾಗುತ್ತಿದೆ. ಕೇಳಿಸುತ್ತಲೇ ಇದ್ದರೆ ಮುಂದಿದೆ, ಪಿಸ್ಟನ್ನಿಗೆ ಕೇಡು. ಹಳೆಯ ಲೂಕಾಸ್ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ಗೀರುಗೀರಾದ ಒಂದು ಚಿಕ್ಕ ನಟ್ ಇರುತ್ತದೆ. ಅದರ ಬಳಿ ಎ ಮತ್ತು ಆರ್ ಎಂಬ ಎರಡು ಅಕ್ಷರಗಳಿವೆ, ಅಡ್ವಾನ್ಸ್ ಮತ್ತು ರಿಟಾರ್ಡ್ ಎಂಬುದರ ಗುರುತು. ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ, ಒಂದೊಂದು ಟಿಕ್ಕಿಗೂ ಡಿಗ್ರಿಯ ಒಂದು ಪಾಲು. ರಸ್ತೆ ಬದಿಯಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಬಿಸಿ ಎಂಜಿನ್ನಿನ ನಡುವೆ ಬೆರಳು ತೂರಿಸಿ, ಎರಡು ಟಿಕ್ ಹಿಂದಕ್ಕೆ ಕೊಟ್ಟು ಮತ್ತೆ ಹತ್ತಿ ಕೂರುತ್ತಾರೆ. ಐವತ್ತು ವರ್ಷದ ಮೇಲ್ಪಟ್ಟ ಅನುಭವ ಆ ಎರಡು ಟಿಕ್ಕಿನಲ್ಲಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಅವರೂ ಬರೆದವರಲ್ಲ.

ನಾನು ಹೋದದ್ದು ಈ ಮೇಸ್ತ್ರಿ ಒಂದು ಹೊಸ ಸಾಮಾನನ್ನು ಕಾರಿಗೆ ಕೂರಿಸುತ್ತಿದ್ದಾರೆ ಎಂದು ಕೇಳಿ. ನೆದರ್‌ಲ್ಯಾಂಡ್ಸ್‌ನ ಅಲ್ಬರ್ಟ್ರಾನಿಕ್ ಕಂಪನಿ ‘123 ಇಗ್ನಿಷನ್’ ಹೆಸರಿನಲ್ಲಿ ತಯಾರಿಸುವ ಡಿಸ್ಟ್ರಿಬ್ಯೂಟರ್ ಅದು. ಹೊರನೋಟಕ್ಕೆ ಹಳೆಯದೇ: ಕೆಳಗೆ ಶಾಫ್ಟ್, ಮೇಲೆ ಕ್ಯಾಪ್, ಕ್ಯಾಪಿನಿಂದ ನಾಲ್ಕು ಪ್ಲಗ್ಗಿಗೂ ವಯರು. ಒಳಗೆ ಕರೆಂಟು ಕಡಿದು ಕಿಡಿ ಹುಟ್ಟಿಸುವ ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ, ಸ್ಪ್ರಿಂಗೂ ಇಲ್ಲ. ಸೆನ್ಸರ್ ಮತ್ತು ಒಂದು ಪುಟ್ಟ ಕಂಪ್ಯೂಟರ್ ಇವೆ. ‘ಟ್ಯೂನ್ ಪ್ಲಸ್’ ಎಂಬ ಮಾದರಿಗೆ ಬ್ಲೂಟೂತ್ ಕೂಡ ಇದೆ. ಎಷ್ಟು ಆರ್‌ಪಿಎಮ್ಮಿನಲ್ಲಿ ಎಷ್ಟು ಡಿಗ್ರಿ ಅಡ್ವಾನ್ಸ್ ಬೇಕು ಎಂಬುದನ್ನು ಮೊಬೈಲಿನ ಪರದೆಯ ಮೇಲೆ ಗೆರೆ ಎಳೆದು ಹೇಳಬಹುದು. ಕಾರು ಮಾರಿಸ್ ಮೈನರ್ 1000, 948 ಸಿಸಿ ಎಂಜಿನ್ನಿನದು. ಮಾಲೀಕರ ಮಗಳು ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ, ರಜೆಗೆ ಬರುವಾಗ ತಂದುಕೊಟ್ಟಿದ್ದಾಳೆ. ಕೂರಿಸುವುದಕ್ಕೆ ಮಾಲೀಕರು ಲ್ಯಾಪ್‌ಟಾಪ್ ಹಿಡಿದ ಹುಡುಗರನ್ನು ಹುಡುಕಲಿಲ್ಲ, ಅಪ್ಪನ ಕಾಲದಿಂದ ಕಾರು ನೋಡಿಕೊಂಡವರ ಬಳಿಯೇ ಬಂದರು. ಈ ಲೇಖನ ಹುಟ್ಟಿದ್ದು ಆ ವಿವೇಕದಿಂದ.

ಟೈಮಿಂಗ್ ಎಂದರೇನು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಸಿಲಿಂಡರಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ತಗುಲಿದ ಕೂಡಲೇ ಒತ್ತಡ ಬಂದುಬಿಡುವುದಿಲ್ಲ. ಉರಿ ಹರಡಲು ಸೆಕೆಂಡಿನ ಸಾವಿರದ ಒಂದೆರಡು ಪಾಲು ಬೇಕು. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್ 6 ಡಿಗ್ರಿ ಸರಿಯುತ್ತದೆ. 3000 ಸುತ್ತಿನಲ್ಲಿ 18 ಡಿಗ್ರಿ. ಹಾಗಾಗಿ ವೇಗ ಏರಿದಂತೆ ಕಿಡಿಯನ್ನು ಮುಂಚಿತವಾಗಿ ಕೊಡಬೇಕು. ಉಯ್ಯಾಲೆ ತೂಗುವವರಿಗೆ ಇದು ಗೊತ್ತಿರುತ್ತದೆ: ತಳ್ಳುವ ಹೊತ್ತು ತಪ್ಪಿದರೆ ಎಷ್ಟು ಬಲ ಹಾಕಿದರೂ ದಂಡ. ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ಈ ಕೆಲಸವನ್ನು ಎರಡು ಚಿಕ್ಕ ತೂಕಗಳು ಮತ್ತು ಎರಡು ಸ್ಪ್ರಿಂಗ್‌ಗಳು ಮಾಡುತ್ತವೆ. ಶಾಫ್ಟ್ ಜೋರಾಗಿ ತಿರುಗಿದಂತೆ ತೂಕಗಳು ಹೊರಕ್ಕೆ ಚಾಚಿ ಕಿಡಿಯನ್ನು ಮುಂಚಿತಗೊಳಿಸುತ್ತವೆ. ಪಕ್ಕದಲ್ಲಿ ಕಾರ್ಬುರೇಟರಿನಿಂದ ಸಣ್ಣ ಪೈಪು ಬಂದು ಸೇರುವ ವ್ಯಾಕ್ಯೂಮ್ ಡಬ್ಬಿ ಇದೆ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿದ್ದಾಗ ಮಿಶ್ರಣ ತೆಳುವಾಗಿ ನಿಧಾನಕ್ಕೆ ಉರಿಯುತ್ತದೆ; ಆಗ ಇನ್ನಷ್ಟು ಅಡ್ವಾನ್ಸ್ ಕೊಡುವುದು ಆ ಡಬ್ಬಿಯ ಕೆಲಸ. ಬರೀ ಲೋಹ, ಸ್ಪ್ರಿಂಗು, ಗಾಳಿಯ ಎಳೆತದಿಂದ ಲೆಕ್ಕ ಮಾಡುವ ಯಂತ್ರವದು. ನನಗೆ ಈಗಲೂ ಅದರ ಮೇಲೆ ಗೌರವ.

ಇತಿಹಾಸ ದೊಡ್ಡದು, ಚುಟುಕಾಗಿ ಹೇಳುತ್ತೇನೆ. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಊರಿನ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಪದ್ಧತಿಯನ್ನು ರೂಪಿಸಿದರು. 1910ರ ಕ್ಯಾಡಿಲಾಕ್ ಕಾರಿಗೆ ಅದು ಬಂತು. ಅದೇ ಪದ್ಧತಿ ಅರವತ್ತು ವರ್ಷ ಲೋಕವನ್ನೆಲ್ಲ ಓಡಿಸಿತು. 1973ರ ಹೊತ್ತಿಗೆ ಕ್ರೈಸ್ಲರ್ ಕಂಪನಿ ಅಮೆರಿಕದಲ್ಲಿ ತನ್ನ ಕಾರುಗಳಿಗೆಲ್ಲ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿತು. ಬ್ರಿಟಿಷ್ ಕಾರುಗಳಿಗೆ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯ ಸಾಮಾನು, ನಮ್ಮ ದೇಶದಲ್ಲಿ ಮದರಾಸಿನ ಲೂಕಾಸ್ ಟಿವಿಎಸ್. ಕಿಡಿ ಹಾರಿಸುವ ಪ್ಲಗ್ಗು ಮಾತ್ರ ನಮ್ಮೂರಿನದೇ: 1951ರಲ್ಲಿ ಶುರುವಾದ ಮೈಕೊ, ಬೆಂಗಳೂರಿನ ಆಡುಗೋಡಿಯಲ್ಲಿ. ಕಂಪನಿಗೆ ಬಾಷ್ ಎಂದು ಹೆಸರು ಬದಲಾದರೂ ಮೇಸ್ತ್ರಿಯ ಬಾಯಲ್ಲಿ ಪ್ಲಗ್ಗೆಂದರೆ ಇವತ್ತಿಗೂ ಮೈಕೊ ಪ್ಲಗ್ಗೇ. ಮಾರಿಸ್ ಮೈನರ್ ಕೂಡ ನಮಗೆ ಪರಕೀಯವಲ್ಲ. ಅಲೆಕ್ ಇಸ್ಸಿಗೊನಿಸ್ ವಿನ್ಯಾಸ ಮಾಡಿದ, 1948ರಲ್ಲಿ ಹೊರಬಂದ ಈ ಕಾರೇ ಇಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕೈಯಲ್ಲಿ ‘ಬೇಬಿ ಹಿಂದುಸ್ತಾನ್’ ಆಗಿತ್ತು.

ಪಾಯಿಂಟ್ ಇಗ್ನಿಷನ್ನಿನ ಕಷ್ಟ ಹಳೆಯ ಕಾರಿಟ್ಟವರಿಗೆ ಗೊತ್ತು. 3000 ಆರ್‌ಪಿಎಮ್ಮಿನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ನಿನ ಪಾಯಿಂಟು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುತ್ತದೆ. ತೆರೆದಾಗಲೆಲ್ಲ ಸಣ್ಣ ಕಿಡಿ ಹಾರಿ ತುದಿ ಸುಡುತ್ತದೆ, ಕ್ಯಾಮಿನ ಮೇಲೆ ಉಜ್ಜುವ ಹಿಮ್ಮಡಿ ಸವೆಯುತ್ತದೆ, ಗ್ಯಾಪ್ ಬದಲಾಗುತ್ತದೆ, ಗ್ಯಾಪಿನೊಂದಿಗೆ ಟೈಮಿಂಗೂ ಜಾರುತ್ತದೆ. ಮೇಸ್ತ್ರಿಗಳು ಉಪ್ಪುಕಾಗದದಿಂದ ಪಾಯಿಂಟ್ ಉಜ್ಜಿ, ವಿಸಿಟಿಂಗ್ ಕಾರ್ಡ್ ತೂರಿಸಿ ಗ್ಯಾಪ್ ಕಟ್ಟುತ್ತಿದ್ದರು. ಲೂಕಾಸಿನವರು ಹೇಳಿದ ಅಳತೆ ಇಂಚಿನ ಸಾವಿರದ 15 ಪಾಲು. ದಪ್ಪ ಕಾರ್ಡು ಅದಕ್ಕೆ ಹತ್ತಿರವೇ. ಈಗ ಸಿಗುವ ಪಾಯಿಂಟು, ಕಂಡೆನ್ಸರುಗಳ ಗುಣಮಟ್ಟ ಬಿದ್ದುಹೋಗಿದೆ. ಹೊಸದು ಹಾಕಿದ ವಾರಕ್ಕೆ ಕಾರು ನಿಂತ ಕತೆಗಳು ಆ ಗ್ಯಾರೇಜಿನಲ್ಲಿ ಬೇಕಾದಷ್ಟಿವೆ.

ಕೂರಿಸುವ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಡಿಸ್ಟ್ರಿಬ್ಯೂಟರಲ್ಲ, ಅರ್ಥ್. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಕಾರಿನ ಲೋಹದ ಮೈಗೆ ಕಟ್ಟಿರುತ್ತದೆ. ಈ ಹೊಸ ಸಾಮಾನಿಗೆ ನೆಗೆಟಿವ್ ಅರ್ಥ್ ಬೇಕು. ಬ್ಯಾಟರಿ ತಿರುಗಿಸಿ ಇಟ್ಟರೆ ಮುಗಿಯಿತೆಂದು ನಾನಂದುಕೊಂಡಿದ್ದೆ. ಮೇಸ್ತ್ರಿ ಮೊದಲು ಬ್ಯಾಟರಿ ತುದಿಗಳನ್ನು ಬದಲಿಸಿದರು, ಕಾಯಿಲಿನ ಎರಡು ವಯರುಗಳನ್ನೂ ಅದಲುಬದಲು ಮಾಡಿದರು. ಡ್ಯಾಶ್‌ಬೋರ್ಡಿನ ಹಳೆಯ ರೇಡಿಯೊ ಉಲ್ಟಾ ಕರೆಂಟಿನಲ್ಲಿ ಸುಟ್ಟುಹೋಗುತ್ತದೆಂದು ಅದರ ವಯರು ತೆಗೆದರು. ಪೆಟ್ರೋಲ್ ಪಂಪಿನೊಳಗೆ ಡಯೋಡ್ ಇದೆಯೇ ಎಂದು ಬಿಚ್ಚಿ ನೋಡಿದರು. ಆಮೇಲೆ ಡೈನಮೊ. ಅದರ ಕಬ್ಬಿಣದಲ್ಲಿ ಉಳಿದಿರುವ ಕಾಂತಶಕ್ತಿಯ ದಿಕ್ಕು ಹಳೆಯದೇ ಇರುತ್ತದೆ, ಹಾಗೇ ಬಿಟ್ಟರೆ ಉಲ್ಟಾ ಚಾರ್ಜ್ ಮಾಡುತ್ತದೆ. ಫೀಲ್ಡ್ ಟರ್ಮಿನಲ್ಲಿನ ವಯರು ಬಿಚ್ಚಿ, ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ತುಂಡು ವಯರು ತಂದು, ಆ ಟರ್ಮಿನಲ್ಲಿಗೆ ಕ್ಷಣಕಾಲ ತಾಗಿಸಿ ತಾಗಿಸಿ ಎತ್ತಿದರು. ಪಟ್ ಪಟ್ ಎಂದು ನೀಲಿ ಕಿಡಿ. ಆರೇಳು ದಶಕ ಒಂದೇ ದಿಕ್ಕಿಗೆ ಒಗ್ಗಿದ್ದ ಡೈನಮೊ ಅಷ್ಟರಲ್ಲಿ ದಿಕ್ಕು ಬದಲಿಸಿತ್ತು. ಯಾವ ಆ್ಯಪೂ ಮಾಡಲಾರದ ಕೆಲಸ ಇದು, ತಿಳಿದ ಕೈ ಬೇಕು.

ಡಿಸ್ಟ್ರಿಬ್ಯೂಟರ್ ಇಳಿಸಿದ್ದು ಅದಕ್ಕಿಂತ ಸುಲಭ. ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಹೊಸದನ್ನು ಕೂರಿಸಿ, ಇಗ್ನಿಷನ್ ಆನ್ ಮಾಡಿ, ಮೈಯನ್ನು ಮೆಲ್ಲಗೆ ತಿರುಗಿಸುತ್ತ ಹೋದರು. ಒಳಗೊಂದು ಹಸಿರು ದೀಪ ಹೊತ್ತಿತು. ಅಲ್ಲೇ ಬಿಗಿ ಮಾಡುವುದು. ಪ್ಲಗ್ ವಯರುಗಳನ್ನು 1-3-4-2 ಕ್ರಮದಲ್ಲಿ ಸಿಕ್ಕಿಸಿದರು. ಸೆಲ್ಫ್ ಹೊಡೆದ ಕೂಡಲೇ ಎಂಜಿನ್ ಎದ್ದಿತು.

ಮುಂದಿನದ್ದೇ ನಾನು ಮರೆಯಲಾರದ ಭಾಗ. ಮಾಲೀಕರು ಫೋನು ಹಿಡಿದು ಪಕ್ಕದಲ್ಲಿ, ಮೇಸ್ತ್ರಿ ಸ್ಟೀರಿಂಗ್ ಹಿಂದೆ, ನಾನು ಹಿಂದಿನ ಸೀಟಿನಲ್ಲಿ. ಪರದೆಯ ಮೇಲೆ ಆರ್‌ಪಿಎಂ, ಅಡ್ವಾನ್ಸ್, ಬ್ಯಾಟರಿ ವೋಲ್ಟೇಜು, ಎಂಜಿನ್ನಿನ ಎಳೆತ ಎಲ್ಲ ಕಾಣುತ್ತಿದ್ದವು. ಓಡುತ್ತಿರುವಾಗಲೇ ಡಿಗ್ರಿ ಏರಿಸಲು, ಇಳಿಸಲು ಅದರಲ್ಲಿ ಬಟನ್ ಇದೆ. ಮೇಸ್ತ್ರಿ ಪರದೆಯತ್ತ ನೋಡಲೇ ಇಲ್ಲ. ಏರಿನಲ್ಲಿ ಟಾಪ್ ಗೇರಿಗೆ ಹಾಕಿ ತುಳಿದರು, ಕೇಳಿದರು, ಇಳಿಸಿ ಅಂದರು. ಮತ್ತೆ ತುಳಿದರು, ಒಂದು ಏರಿಸಿ ಅಂದರು. ನಡುವಿನ ವೇಗದಲ್ಲಿ ಅವರಿಗೆ ಇನ್ನೂ ಬೇಕಿತ್ತು. ಮೇಲಿನ ವೇಗದಲ್ಲಿ ಮೂವತ್ತರ ಆಸುಪಾಸಿನಲ್ಲಿ ಸಾಕೆಂದರು. ಮಾಲೀಕರು ಆ ಅಂಕಿಗಳನ್ನು ಗೆರೆಗೆ ಸೇರಿಸುತ್ತ ಹೋದರು. ಬಂದು ನಿಂತ ಮೇಲೆ ಮೇಸ್ತ್ರಿಗೆ ಪರದೆ ತೋರಿಸಿದರು. ಮೊದಲು ಬೇಗ ಏರಿ, ನಡುವೆ ಸ್ವಲ್ಪ ಬಾಗಿ, ಆಮೇಲೆ ನೆಟ್ಟಗೆ ಸಾಗಿದ ಗೆರೆ. ಅದರ ಮೇಲೆ ಅವರು ಬೆರಳಾಡಿಸಿದರು. ತಾವು ಜೀವಮಾನವಿಡೀ ಕಿವಿಯಲ್ಲಿ ಕಂಡದ್ದನ್ನು ಕಣ್ಣಲ್ಲಿ ಕಂಡದ್ದು ಅವರಿಗೆ ಅದೇ ಮೊದಲು. ಸ್ಪ್ರಿಂಗ್ ಬದಲಿಸುತ್ತಿದ್ದ ಕಾಲದಲ್ಲಿ ಈ ಬಾಗನ್ನು ಹೇಗೆ ತರುತ್ತಿದ್ದರೆಂದು, ಒಂದು ಗಟ್ಟಿ ಒಂದು ಮೆದು ಸ್ಪ್ರಿಂಗ್ ಏಕೆ ಇರುತ್ತದೆಂದು, ಆಗ ಬಾಯಿಬಿಟ್ಟು ವಿವರಿಸಿದರು. ಮೊದಲು ಮೆದು ಸ್ಪ್ರಿಂಗ್ ಮಣಿಯುತ್ತದೆ, ಗೆರೆ ಬೇಗ ಏರುತ್ತದೆ. ಗಟ್ಟಿಯದು ಹಿಡಿತಕ್ಕೆ ಬಂದ ಕೂಡಲೇ ಬಾಗುತ್ತದೆ.

ಕಾರು ಈಗ ಚೆನ್ನಾಗಿದೆ. ಚಳಿಯ ಬೆಳಗಿನಲ್ಲಿ ತಕ್ಷಣ ಏಳುತ್ತದೆ, ಸಿಗ್ನಲ್ಲಿನಲ್ಲಿ ಸಮನಾಗಿ ನಿಲ್ಲುತ್ತದೆ. ಇದರಲ್ಲಿ ಎಲೆಕ್ಟ್ರಾನಿಕ್ಸಿನ ಪಾಲೆಷ್ಟು, ಸವೆದ ಬುಷ್ಷಿನ ಅಲ್ಲಾಡುವ ಶಾಫ್ಟ್ ಹೋಗಿ ಹೊಸದು ಬಂದದ್ದರ ಪಾಲೆಷ್ಟು ಎಂಬುದನ್ನು ಬೇರೆ ಮಾಡುವುದು ಕಷ್ಟ, ಎರಡನೆಯದೂ ದೊಡ್ಡದೇ. ಫೋನಿನಿಂದ ಇಗ್ನಿಷನ್ನಿಗೆ ಬೀಗ ಹಾಕುವ ಸೌಕರ್ಯ ಇದೆ, ಕಳ್ಳರ ಕಾಟಕ್ಕೆ ಒಳ್ಳೆಯದು. ಆದರೆ ಬೆಲೆ ಕೆಲವು ನೂರು ಯೂರೋ, ಮೇಲೆ ಸುಂಕ. ಚಾರ್ಮಾಡಿ ಘಾಟಿಯಲ್ಲಿ ಪಾಯಿಂಟ್ ಕೈಕೊಟ್ಟರೆ ಉಜ್ಜಿ ಮನೆ ಸೇರಬಹುದು; ಇದು ಕೈಕೊಟ್ಟರೆ ಉಜ್ಜಲು ಏನೂ ಇಲ್ಲ. ಅದಕ್ಕೇ ಮೇಸ್ತ್ರಿ ಹಳೆಯ ಲೂಕಾಸನ್ನು ಹೊಸ ಪಾಯಿಂಟ್ ಹಾಕಿ, ಗ್ಯಾಪ್ ಕಟ್ಟಿ, ಬಟ್ಟೆ ಸುತ್ತಿ ಡಿಕ್ಕಿಯಲ್ಲಿ ಇಡಿಸಿದ್ದಾರೆ. ಮೂಲ ಸಾಮಾನೇ ಇರಬೇಕೆನ್ನುವವರಿಗೂ ಇದು ಸಮಾಧಾನ, ಬೇಕೆಂದಾಗ ಮರಳಿಸಬಹುದು.

ಈಗ ಪೆಟ್ರೋಲೂ ಬದಲಾಗಿದೆ. ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತದ್ದು. ಎಥನಾಲಿಗೆ ಆಕ್ಟೇನ್ ಹೆಚ್ಚು, ನಾಕಿಂಗ್ ಕಡಿಮೆ. ಆದರೆ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಎಪ್ಪತ್ತು ವರ್ಷದ ಹಿಂದೆ ಲೂಕಾಸಿನವರು ಆಗಿನ ಪೆಟ್ರೋಲಿಗೆಂದು ಆರಿಸಿದ ಸ್ಪ್ರಿಂಗ್‌ಗಳ ಲೆಕ್ಕ ಇದಕ್ಕೆ ಹೊಂದಬೇಕೆಂದೇನಿಲ್ಲ. ಯಾವ ಎಂಜಿನ್ನಿಗೆ ಈ ಪೆಟ್ರೋಲಿನಲ್ಲಿ ಎಷ್ಟು ಕೊಡಬೇಕು ಎಂಬುದನ್ನು ಯಾವ ಹಳೆಯ ಮ್ಯಾನುಯಲ್ಲೂ ಹೇಳುವುದಿಲ್ಲ. ಅದು ಏರಿನಲ್ಲಿ ತುಳಿದು ಕೇಳಿದವರಿಗೆ ಮಾತ್ರ ಗೊತ್ತು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಮ್ಯೂಸಿಯಮ್ಮಿನಲ್ಲಿ ಧರ್ಮಸ್ಥಳದ ಸಂಗ್ರಹದ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ನೋಡಲು ಸೊಗಸು. ಅವುಗಳನ್ನು ಓಡಿಸಿ ಸರಿಮಾಡುತ್ತಿದ್ದವರ ತಿಳಿವಳಿಕೆಗೆ ಅಂಥ ಜಾಗ ನಮ್ಮಲ್ಲಿ ಇನ್ನೂ ಬೇಕಾಗಿದೆ.

ಮೇಸ್ತ್ರಿಯ ಬಳಿ ಕೆಲಸ ಕಲಿಯಲು ಈಗ ಯಾರೂ ಇಲ್ಲ. ಕೊನೆಯ ಹುಡುಗ ಹೊಸ ಕಾರುಗಳ ಶೋರೂಮಿಗೆ ಸೇರಿದ್ದಾನೆ, ಅಲ್ಲಿ ಸಂಬಳ ತಪ್ಪುವುದಿಲ್ಲ. ಮೈನರಿನ ಮಾಲೀಕರು ಆ ದಿನದ ಗೆರೆಯನ್ನು ಫೋನಿನಲ್ಲಿ ಉಳಿಸಿಕೊಂಡು, ದಿನಾಂಕವನ್ನೂ ಪೆಟ್ರೋಲಿನ ವಿವರವನ್ನೂ ಬರೆದಿದ್ದಾರೆ. ಅಂಬಾಸಿಡರಿಗೆ, ಫಿಯಟ್ಟಿಗೆ, ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಬೇಕಾದ ಗೆರೆಗಳೂ ಮೇಸ್ತ್ರಿಗೆ ಗೊತ್ತು. ಒಂದೊಂದನ್ನೂ ಏರಿನ ರಸ್ತೆಗೆ ಒಯ್ದು, ಪಕ್ಕದಲ್ಲಿ ಯಾರಾದರೂ ಕೂತು ಬರೆದುಕೊಂಡರೆ ಹೇಳಲು ಸಿದ್ಧರಿದ್ದಾರೆ. ವಯಸ್ಸು ಎಂಬತ್ತರ ಹತ್ತಿರ, ಎಡಗಿವಿ ಈಚೆಗೆ ಸ್ವಲ್ಪ ಮಂದ.