ಶಾಖೆಯ ಲೆಕ್ಕಪತ್ರಗಳಿಗೆ ಗೂಢಲಿಪಿಯ ಸುರಂಗ

ಪ್ರಧಾನ ಕಚೇರಿಯ ಗಣಕಯಂತ್ರದಲ್ಲಿರುವ ಟ್ಯಾಲಿ ಲೆಕ್ಕಗಳನ್ನು ಗೋದಾಮಿನಿಂದಲೋ ಮನೆಯಿಂದಲೋ ನೋಡುವ ವ್ಯವಸ್ಥೆಯನ್ನು ನಮ್ಮ ಸದಸ್ಯರಲ್ಲಿ ಅನೇಕರು ಮಾಡಿಕೊಂಡಿದ್ದಾರೆ. ಇದಕ್ಕಾಗಿ ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು, ಅಂಗಡಿಯ ಹಿಂಬಾಗಿಲಿಗೆ ಅಗುಳಿ ಹಾಕದೆ ಮಲಗಿದಂತೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದಾಳಿಕೋರರು ಹುಡುಕುವುದು ಇಂತಹ ಬಾಗಿಲುಗಳನ್ನೇ. ಆ ಪೋರ್ಟನ್ನು ಮುಚ್ಚಿ, ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್, ಅರ್ಥಾತ್ ವಿಪಿಎನ್ ಮೂಲಕ ಪ್ರವೇಶಿಸುವುದು ಉಚಿತ.

ಇದರಲ್ಲಿ ದತ್ತಾಂಶದ ಪ್ರತಿಯೊಂದು ಪ್ಯಾಕೆಟ್ಟೂ ಗೂಢಲಿಪಿಗೆ ಪರಿವರ್ತಿತವಾಗಿ, ಮತ್ತೊಂದು ಪ್ಯಾಕೆಟ್ಟಿನೊಳಗೆ ಸೇರಿ ಸಾಗುತ್ತದೆ. ಮೊಹರು ಮಾಡಿದ ಲಕೋಟೆಯನ್ನು ಇನ್ನೊಂದು ಲಕೋಟೆಯಲ್ಲಿಟ್ಟು ಕಳುಹಿಸಿದಂತೆ. ಹೊರಲಕೋಟೆಯ ಮೇಲೆ ಸುರಂಗದ ಎರಡು ತುದಿಗಳ ವಿಳಾಸ ಮಾತ್ರ ಇರುವುದರಿಂದ, ನಡುವಣ ಯಾರಿಗೂ ಒಳಗಿನ ಇನ್‌ವಾಯ್ಸ್ ಓದಲಾಗದು. ದಾರಿಯಲ್ಲಿ ಒಂದಂಕಿಯನ್ನು ತಿದ್ದಿದರೂ ಎದುರು ತುದಿಯು ಅದನ್ನು ತಿರಸ್ಕರಿಸುತ್ತದೆ. ಬೀಗದ ಕೈ ಮಾತ್ರ ತಂತಿಯ ಮೇಲೆ ಹೋಗುವುದೇ ಇಲ್ಲ! 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಪ್ರಕಟಿಸಿದ ಗಣಿತವಿಧಾನದಿಂದ ಎರಡೂ ತುದಿಗಳು ಒಂದೇ ಕೀಲಿಯನ್ನು ತಾವೇ ಲೆಕ್ಕಹಾಕಿಕೊಳ್ಳುತ್ತವೆ. ದಿನವೂ ಲೆಕ್ಕದಲ್ಲೇ ಮುಳುಗಿರುವ ನನಗೂ ಇದು ಬೆರಗಿನ ಸಂಗತಿ.

ಹಳೆಯ ರೌಟರುಗಳಲ್ಲಿನ ಪಿಪಿಟಿಪಿ ಪದ್ಧತಿಯನ್ನು ಬಳಸಕೂಡದು. ಅದರ ರಕ್ಷಣೆಯನ್ನು ಭೇದಿಸಬಹುದೆಂಬುದು 2012ರಲ್ಲೇ ಸಾಬೀತಾಗಿದೆ. ಐಪಿಸೆಕ್ ಅಥವಾ ವೈರ್‌ಗಾರ್ಡ್ ಇರುವ ರೌಟರನ್ನೇ ಕೇಳಿ ಪಡೆಯತಕ್ಕದ್ದು.

ಸುರಂಗವು ಕಾಯುವುದು ದಾರಿಯನ್ನಷ್ಟೇ. ಗೋದಾಮಿನ ಗಣಕಯಂತ್ರದಲ್ಲಿ ವೈರಸ್ ಇದ್ದರೆ ಅದೂ ಅದೇ ಸುರಂಗದಲ್ಲಿ ಕ್ಷೇಮವಾಗಿ ಪ್ರಧಾನ ಕಚೇರಿಯನ್ನು ತಲಪೀತು. ಕೆಲಸ ಬಿಟ್ಟ ಗುಮಾಸ್ತರ ಲಾಗಿನ್ ಅದೇ ದಿನ ರದ್ದಾಗಬೇಕು.

ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರಗಳನ್ನು 5 ವರ್ಷ ಕಾಯ್ದಿಡಬೇಕು. ಸಂಸ್ಥೆಯೊಂದು ತನ್ನ ಬಳಕೆಗೆಂದೇ ಸ್ಥಾಪಿಸಿಕೊಂಡ ವಿಪಿಎನ್‌ಗೆ ಇದು ಅನ್ವಯಿಸದು. ಆದರೆ ದಾಳಿಯಾದಲ್ಲಿ, ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡುವ ಹೊಣೆ ಕಂಪನಿಗಳ ಮೇಲೂ ಇದೆ.