ಇಳಿದದ್ದು ಸೆಟಪ್ಪೋ, ಬರೀ ಪುಟವೋ?

ಡೌನ್‌ಲೋಡ್ ಮುಗಿಯಿತು ಎನ್ನುತ್ತದೆ ಬ್ರೌಸರ್. ಡಬಲ್ ಕ್ಲಿಕ್ ಮಾಡಿದರೆ, ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಎಂದು ವಿಂಡೋಸ್ ಕೈಚೆಲ್ಲುತ್ತದೆ. ಕೂಡಲೇ ರೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ, ಬ್ರೌಸರ್ ಬದಲಿಸುತ್ತೇವೆ, ಆ್ಯಂಟಿವೈರಸ್‌ಗೆ ಶಾಪ ಹಾಕುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎಷ್ಟೋ ಸಲ ಕಾಯಿಲೆ ಇರುವುದು ಸರ್ವರ್‌ನಲ್ಲಿ.

ಮೊದಲು ಫೈಲಿನ ಗಾತ್ರ ನೋಡಿ. 80 ಎಂಬಿ ಇರಬೇಕಾದ ಸೆಟಪ್ 4 ಕೆಬಿ ಇದ್ದರೆ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ವಿಂಡೋಸ್‌ನ ಇಎಕ್ಸ್‌ಇ ಫೈಲುಗಳು ‘ಎಂ’, ‘ಝಡ್’ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಡಾಸ್ ಕಾಲದಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಇನಿಷಿಯಲ್ ಅದು. ಇಂಥ ಅಮರತ್ವ ಎಷ್ಟು ಎಂಜಿನಿಯರುಗಳಿಗೆ ಸಿಕ್ಕೀತು! ಆ ಎರಡು ಅಕ್ಷರಗಳ ಬದಲು ಎಚ್‌ಟಿಎಂಎಲ್ ಕಂಡರೆ, ಲಾಗಿನ್ ಪುಟವೋ 404 ಪುಟವೋ ಇಎಕ್ಸ್‌ಇ ಹೆಸರಿಟ್ಟುಕೊಂಡು ಬಂದಿದೆ ಎಂದರ್ಥ. ಮತ್ತೆ ಮತ್ತೆ ಕ್ಲಿಕ್ ಮಾಡಿ ಪ್ರಯೋಜನವಿಲ್ಲ.

ಸೈಟ್ ನಡೆಸುವವರ ಕಡೆ ಇನ್ನೂ ಸ್ವಾರಸ್ಯದ ಎಡವಟ್ಟೊಂದಿದೆ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್‌ನಲ್ಲಿ ಫೋಲ್ಡರಿಗೆ ‘ಎಕ್ಸಿಕ್ಯೂಟ್’ ಅನುಮತಿ ಕೊಟ್ಟಿದ್ದರೆ, ಫೈಲನ್ನು ಕೇಳಿದವರಿಗೆ ಕಳಿಸುವ ಬದಲು ಸಿಜಿಐ ಪ್ರೋಗ್ರಾಂ ಎಂದುಕೊಂಡು ಸರ್ವರ್ ತಾನೇ ಓಡಿಸಲು ಹೊರಡಬಹುದು. ಆಗ ಸೆಟಪ್ಪು ಯಾರ ಕಣ್ಣಿಗೂ ಬೀಳದ ಕಿಟಕಿ ತೆರೆದು ‘ನೆಕ್ಸ್ಟ್’ ಒತ್ತುವವರಿಗಾಗಿ ಕಾಯುತ್ತ ಕೂರುತ್ತದೆ. ಇತ್ತ ಬ್ರೌಸರ್ ಗಿರಗಿರನೆ ತಿರುಗಿ ತಿರುಗಿ ಕೊನೆಗೆ 502 ದೋಷ ತೋರಿಸುತ್ತದೆ. ಡೌನ್‌ಲೋಡ್ ಫೋಲ್ಡರಿಗೆ ‘ರೀಡ್’ ಅನುಮತಿ ಸಾಕು. ಅದಕ್ಕಿಂತ ಹೆಚ್ಚು ಕೊಡುವುದು ಭದ್ರತೆಯ ದೃಷ್ಟಿಯಿಂದಲೂ ಅವಿವೇಕ.

ಗಾತ್ರದಲ್ಲಿ ಕೆಲವೇ ಬೈಟ್‌ಗಳ ವ್ಯತ್ಯಾಸವಿದ್ದರೆ ಅನುಮಾನ ಸರ್ವರ್‌ಗೆ ಫೈಲ್ ಏರಿಸಲು ಬಳಸಿದ ಎಫ್‌ಟಿಪಿ ಕಡೆ ಹೊರಳಬೇಕು. ಆಸ್ಕಿ ಮೋಡ್‌ನಲ್ಲಿ ಅಪ್‌ಲೋಡ್ ಮಾಡಿದರೆ ಸಾಲಿನ ಕೊನೆಯ ಗುರುತುಗಳು ಬದಲಾಗಿ ಫೈಲ್ ಕೆಡುತ್ತದೆ. ಬೈನರಿ ಮೋಡ್‌ನಲ್ಲಿ ಮತ್ತೊಮ್ಮೆ ಏರಿಸಿದರೆ ಸರಿ.

ಎಲ್ಲ ಸರಿಯಿದ್ದೂ ಸಂಶಯ ಉಳಿದರೆ ವಿಂಡೋಸ್‌ನಲ್ಲೇ ಇರುವ ‘ಸರ್ಟ್‌ಯುಟಿಲ್’ ಬಳಸಿ ಫೈಲಿನ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ. ಮೂಲದವರು ಕೊಟ್ಟ 64 ಅಕ್ಷರಗಳಲ್ಲಿ ಒಂದು ತಪ್ಪಿದರೂ ಆ ಫೈಲನ್ನು ಅಳಿಸಿಹಾಕಿ. ಯಾವ ಕಾರಣಕ್ಕೂ ಆ್ಯಂಟಿವೈರಸ್ ಬಂದ್ ಮಾಡಿ ಓಡಿಸಲು ಹೋಗಬೇಡಿ. ಸೈಟ್ ನಡೆಸುವವರೇ, ಡೌನ್‌ಲೋಡ್ ಲಿಂಕಿನ ಪಕ್ಕದಲ್ಲೇ ಫೈಲಿನ ಗಾತ್ರವನ್ನೂ ಹ್ಯಾಶನ್ನೂ ದಯವಿಟ್ಟು ಬರೆದಿಡಿ.